ಹೊಸ ನಮೂನೆಯ ಗ್ಯಾಜೆಟ್‌ಗಳು: ಅಪ್ಪ ಅಮ್ಮನ ಮನೆಗೆ ಯಾವುದು ತರಿಸಲಿ?

ಬೆಂಗಳೂರಿನಿಂದ, ಕೇಳುತ್ತಿರುವುದು

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರುವ ತಮ್ಮ ದೀಪಾವಳಿಗೆ ಊರಿಗೆ ಬರುತ್ತಿದ್ದಾನೆ. "ಅಪ್ಪ ಅಮ್ಮನಿಗೆ ಏನಾದರೂ ಹೊಸ ಥರದ ಗ್ಯಾಜೆಟ್ ತರಲಾ ಅಕ್ಕಾ?" ಎಂದು ಕೇಳಿದ್ದಾನೆ. ಅವರಿರುವುದು ಶಿರಸಿ ಹತ್ತಿರದ ಹಳ್ಳಿಯಲ್ಲಿ. ಅಡಿಕೆ ತೋಟ, ಹಳೇ ಮನೆ. ಮಳೆಗಾಲದಲ್ಲಿ ಕರೆಂಟ್ ಇರುವ ಹೊತ್ತಿಗಿಂತ ಇಲ್ಲದ ಹೊತ್ತೇ ಜಾಸ್ತಿ. ಅಪ್ಪನಿಗೆ ಬಿಪಿ ಇದೆ, ಆದರೆ ಉಪ್ಪು ಕಡಿಮೆಯಾದರೆ ಊಟ ಸೇರುವುದಿಲ್ಲ. ಕಪಾಟಿನ ಕೀಲಿಕೈ ಹುಡುಕುವುದು ಇಬ್ಬರಿಗೂ ದಿನದ ಕೆಲಸ.

ತಮ್ಮನ ಪಟ್ಟಿ ಇದು: ಉಪ್ಪಿನ ರುಚಿ ಹೆಚ್ಚಿಸುವ ಜಪಾನಿನ ಚಮಚ, ನೆಲ ಗುಡಿಸುವ ರೋಬೋ, ವಸ್ತು ಹುಡುಕಿಕೊಡುವ ಟ್ಯಾಗ್, ರೊಟ್ಟಿ ಮಾಡುವ ಯಂತ್ರ. ನನ್ನ ಹತ್ತು ವರ್ಷದ ಮಗನಿಗೂ ಏನೋ ಒಂದು ಬೇಕಂತೆ. ಬಳಸಿದವರು ಹೇಳಿ. ಮೂಲೆ ಸೇರುವ ಸಾಮಾನು ಮಾತ್ರ ಬೇಡ.

ನ್ಯೂಜೆರ್ಸಿಯಿಂದ

ಮೊದಲು ನಿಮ್ಮ ತಮ್ಮನಿಗೆ ವೋಲ್ಟೇಜ್ ನೋಡಲು ಹೇಳಿ. ಇಲ್ಲಿಯ ಕರೆಂಟ್ 120 ವೋಲ್ಟ್, ಅಲ್ಲಿಯದು 230. ಅಡಾಪ್ಟರ್ ಹಿಂದೆ ಸಣ್ಣ ಅಕ್ಷರದಲ್ಲಿ 100–240 ಎಂದಿದ್ದರೆ ಚಿಂತೆಯಿಲ್ಲ, ಪಿನ್ ಬದಲಿಸಿದರೆ ಸಾಕು. ಬರೀ 120 ಎಂದಿದ್ದರೆ ಅಂಗಡಿಯಲ್ಲೇ ಬಿಡಲಿ. ಬಿಸಿ ಮಾಡುವ, ಅರೆಯುವ ಅಡುಗೆಮನೆ ಸಾಮಾನುಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ಅದಕ್ಕೊಂದು ಟ್ರಾನ್ಸ್‌ಫಾರ್ಮರ್ ತಂದಿಟ್ಟರೆ ಗ್ಯಾಜೆಟ್‌ಗಿಂತ ಅದೇ ಭಾರ.

ರೊಟ್ಟಿ ಯಂತ್ರ ನಮ್ಮ ಮನೆಯಲ್ಲಿದೆ, ರೋಟಿಮ್ಯಾಟಿಕ್. ಸಿಂಗಪುರದಲ್ಲಿ ಪ್ರಣೋತಿ ನಾಗರ್ಕರ್ ಮತ್ತು ಅವರ ಪತಿ ರಿಷಿ ಇಸ್ರಾನಿ 2008ರಲ್ಲಿ ಕಂಪನಿ ಕಟ್ಟಿದರು. ಯಂತ್ರ ಜನರ ಕೈಗೆ ಬಂದದ್ದು 2016ರಲ್ಲಿ, ಆಗ ಬೆಲೆ 999 ಡಾಲರ್. ಹಿಟ್ಟು, ನೀರು, ಎಣ್ಣೆಯನ್ನು ಬೇರೆಬೇರೆ ಡಬ್ಬಿಗೆ ತುಂಬಿದರೆ ಅದೇ ಅಳೆದು, ಕಲಸಿ, ಒತ್ತಿ, ಬೇಯಿಸಿ ಹೊರಗೆ ಕೊಡುತ್ತದೆ. ಗೋಧಿ ಚಪಾತಿ ನಿಜಕ್ಕೂ ಚೆನ್ನಾಗಿ ಬರುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವ ನಮ್ಮಂಥವರಿಗೆ ಸರಿ. ಆದರೆ ಒಳಗಿನ ಭಾಗಗಳನ್ನು ಬಿಚ್ಚಿ ತೊಳೆಯಬೇಕು, ಅಡುಗೆ ಕಟ್ಟೆಯ ಮೇಲೆ ದೊಡ್ಡ ಜಾಗ ಬಿಡಬೇಕು. ಬೆಳಗಾದರೆ ದೋಸೆ, ತೆಳ್ಳೇವು ಎರೆಯುವ ಮನೆಯಲ್ಲಿ ಅದಕ್ಕೇನು ಕೆಲಸ?

ಟೋಕಿಯೊದಿಂದ

ಉಪ್ಪಿನ ಚಮಚದ ಬಗ್ಗೆ ನಾನು ಹೇಳುತ್ತೇನೆ. ಅದು ತಮಾಷೆಯ ಸಾಮಾನಲ್ಲ. ಮಾಡಿದ್ದು ಕಿರಿನ್, ಬಿಯರ್‌ಗೆ ಹೆಸರಾದ ಕಂಪನಿ. ಜೊತೆಗೆ ಕೆಲಸ ಮಾಡಿದವರು ಮೇಜಿ ವಿಶ್ವವಿದ್ಯಾಲಯದ ಹೊಮೇ ಮಿಯಾಶಿತಾ. ಕರೆಂಟ್ ಹರಿಯುವ ಚಾಪ್‌ಸ್ಟಿಕ್ ಮತ್ತು ಸ್ಟ್ರಾದಿಂದ ರುಚಿ ಹೇಗೆ ಬದಲಾಗುತ್ತದೆ ಎಂಬ ಹಳೆಯ ಪ್ರಯೋಗಕ್ಕೆ ಅವರಿಗೂ ಹಿರೊಮಿ ನಕಮುರಾ ಅವರಿಗೂ 2023ರಲ್ಲಿ ಇಗ್ ನೊಬೆಲ್ ಸಿಕ್ಕಿತ್ತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು.

ನಾಲಿಗೆಗೆ ಉಪ್ಪೆನಿಸುವುದು ಸೋಡಿಯಂ ಅಯಾನುಗಳಿಂದ, ಅಂದರೆ ವಿದ್ಯುತ್ ಅಂಶವಿರುವ ಸೋಡಿಯಂ ಕಣಗಳಿಂದ. ಊಟದಲ್ಲಿರುವ ಸೋಡಿಯಂ ಎಲ್ಲವೂ ನಾಲಿಗೆಗೆ ತಾಗುವುದಿಲ್ಲ. ಚಮಚದ ತುದಿಯಿಂದ ಹರಿಯುವ ಸಣ್ಣ ಕರೆಂಟ್ ಅವನ್ನು ನಾಲಿಗೆಯ ಕಡೆಗೆ ಸೇರಿಸುತ್ತದೆ. ಉಪ್ಪು ಕಡಿಮೆ ಹಾಕಿದ ಅಡುಗೆ ಸುಮಾರು ಒಂದೂವರೆ ಪಟ್ಟು ಉಪ್ಪೆನಿಸುತ್ತದೆ ಎಂದು ಕಂಪನಿ ಹೇಳುತ್ತದೆ. ನನ್ನ ನಾಲಿಗೆಗೆ ಅಷ್ಟೊಂದು ಅನಿಸಲಿಲ್ಲ. ಸೂಪಿನಲ್ಲಿ ವ್ಯತ್ಯಾಸ ಗೊತ್ತಾಯಿತು, ಗಟ್ಟಿ ಪದಾರ್ಥದಲ್ಲಿ ಅಷ್ಟಕ್ಕಷ್ಟೆ.

2024ರ ಮೇ ತಿಂಗಳಲ್ಲಿ ಮೊದಲು 200 ಚಮಚ ಮಾತ್ರ ಮಾರಾಟಕ್ಕಿಟ್ಟರು, ಒಂದಕ್ಕೆ 19,800 ಯೆನ್. ನಿಮ್ಮ ಅಪ್ಪನ ವಿಷಯದಲ್ಲಿ ತೊಡಕು ಬೇರೆಯೇ ಇದೆ. ಚಮಚದ ಹಿಡಿಯನ್ನು ಕೈಯಲ್ಲಿ ಹಿಡಿದು, ತುದಿಯನ್ನು ನಾಲಿಗೆಗೆ ತಾಗಿಸಿದರೆ ಮಾತ್ರ ಕರೆಂಟ್ ಹರಿಯುತ್ತದೆ. ಸಾರನ್ನ ಕಲಸಿ ಕೈಯಲ್ಲಿ ಉಣ್ಣುವವರಿಗೆ ಅದನ್ನು ಕೊಟ್ಟು ಏನು ಪ್ರಯೋಜನ? ಇನ್ನೊಂದು ಮಾತು: ಮೈಯೊಳಗೆ ಕರೆಂಟ್ ಹಾಯಿಸುವ ಇಂಥ ಯಾವುದನ್ನೂ ಪೇಸ್‌ಮೇಕರ್ ಹಾಕಿಸಿಕೊಂಡವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಮೈಸೂರಿನಿಂದ

ರೋಬೋ ನಮ್ಮ ಫ್ಲ್ಯಾಟಿನಲ್ಲಿ ದಿನಾ ಓಡುತ್ತದೆ, ನಾನು ಅದರ ಪರವೇ. ಆದರೆ ಹಳೇ ಮನೆಗೆ ಬೇಡ. ಎರಡು ಸೆಂಟಿಮೀಟರ್ ಎತ್ತರ ಸಿಕ್ಕಿದರೆ ಸಾಮಾನ್ಯವಾಗಿ ಅವು ಅಲ್ಲೇ ನಿಲ್ಲುತ್ತವೆ. ನಿಮ್ಮೂರಿನ ಮನೆಯ ಹೊಸ್ತಿಲುಗಳನ್ನು ನೆನಪಿಸಿಕೊಳ್ಳಿ. ಜಗಲಿಯಿಂದ ಒಳಗೆ ಒಂದು ಮೆಟ್ಟಿಲು, ಅಡುಗೆಮನೆಗೆ ಇನ್ನೊಂದು. ಕೋಣೆಯಿಂದ ಕೋಣೆಗೆ ಅದನ್ನು ಎತ್ತಿಡಲು ಒಬ್ಬರು ಬೇಕು. ಒರೆಸುವುದಂತೂ ಬಹಳಷ್ಟು ಮಾಡೆಲ್‌ಗಳಲ್ಲಿ ಒದ್ದೆ ಬಟ್ಟೆ ಎಳೆದುಕೊಂಡು ಹೋದ ಹಾಗೆ ಅಷ್ಟೆ. ಸಗಣಿ ಸಾರಿಸಿದ ನೆಲವಿದ್ದರೆ ಮಾತೇ ಇಲ್ಲ.

ಉಡುಪಿಯಿಂದ

ಟ್ಯಾಗ್ ತರಿಸಿ, ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಂಡು ತರಿಸಿ. ಅದರೊಳಗೆ ಜಿಪಿಎಸ್ ಇಲ್ಲ. ಮುಖ್ಯವಾಗಿ ಬ್ಲೂಟೂತ್. ದೂರ ಹೋದ ವಸ್ತು ಎಲ್ಲಿದೆ ಎಂದು ತಿಳಿಸುವುದು ಆ ದಾರಿಯಲ್ಲಿ ಹೋಗುವ ಬೇರೆಯವರ ಫೋನುಗಳು. ಆ್ಯಪಲ್‌ನ ಏರ್‌ಟ್ಯಾಗ್‌ಗೆ ಹತ್ತಿರದಲ್ಲಿ ಆ್ಯಪಲ್ ಫೋನುಗಳು ಓಡಾಡಬೇಕು. ಮುಂಬೈ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಹುಡುಕಲು ಅದಕ್ಕಿಂತ ಒಳ್ಳೆಯದಿಲ್ಲ. ನಿಮ್ಮ ತೋಟದಲ್ಲಿ ಯಾರ ಫೋನು ಓಡಾಡುತ್ತದೆ? ಸಂಬಂಧಿಕರೊಬ್ಬರು ದನದ ಕೊರಳಿಗೆ ಕಟ್ಟಿದ್ದರು. ಮೂರು ದಿನ ಅದು ಕೊಟ್ಟಿಗೆಯಲ್ಲೇ ಇದೆ ಎಂದು ಫೋನು ಹೇಳುತ್ತಿತ್ತು, ದನ ಪಕ್ಕದೂರಿನ ಗದ್ದೆಯಲ್ಲಿತ್ತು.

ಮನೆಯೊಳಗಿನ ಕೀಲಿಕೈಗೆ ಮಾತ್ರ ಹೇಳಿ ಮಾಡಿಸಿದ್ದು. ಫೋನಿನಲ್ಲಿ ಒತ್ತಿದರೆ ಕೀಲಿಕೈ ಕೂಗುತ್ತದೆ. ಅಪ್ಪ ಅಮ್ಮನ ಫೋನು ಆಂಡ್ರಾಯ್ಡ್ ಆಗಿದ್ದರೆ ಏರ್‌ಟ್ಯಾಗ್ ಬೇಡ, ಆಂಡ್ರಾಯ್ಡ್‌ಗೆ ಹೊಂದುವುದನ್ನೇ ತರಿಸಿ. ಏರ್‌ಟ್ಯಾಗ್ ಹೊಂದಿಸಲು ಐಫೋನ್ ಅಥವಾ ಐಪ್ಯಾಡ್ ಬೇಕೇ ಬೇಕು. ಸೆಲ್ ಸಿಆರ್2032, ಸುಮಾರು ಒಂದು ವರ್ಷ ಬರುತ್ತದೆ. ಮಕ್ಕಳು ನುಂಗಬಾರದೆಂದು ಕೆಲವು ಸೆಲ್‌ಗಳಿಗೆ ಕಹಿ ಲೇಪನ ಹಚ್ಚಿರುತ್ತಾರೆ. ಆ ಲೇಪನದಿಂದ ಕೆಲವು ಟ್ಯಾಗ್‌ಗಳಲ್ಲಿ ಸಂಪರ್ಕ ಸಿಗುವುದಿಲ್ಲ. ಹೊಸ ಸೆಲ್ ಹಾಕಿದರೂ ಸತ್ತಂತಿದ್ದರೆ ಟ್ಯಾಗನ್ನು ಎಸೆಯಬೇಡಿ, ಬೇರೆ ಸೆಲ್ ಹಾಕಿ ನೋಡಿ.

ಬೆಂಗಳೂರಿನಿಂದ, ಎಲೆಕ್ಟ್ರಾನಿಕ್ಸ್ ಕೆಲಸದವರು

ನನ್ನದು ಒಂದೇ ಪ್ರಶ್ನೆ. ಇಂಟರ್ನೆಟ್ ಹೋದರೆ ಅಥವಾ ಕಂಪನಿ ಮುಚ್ಚಿದರೆ ಅದು ಕೆಲಸ ಮಾಡುತ್ತದಾ? ಇದನ್ನು ಕೇಳಿದರೆ ಅರ್ಧ ಪಟ್ಟಿ ಖಾಲಿಯಾಗುತ್ತದೆ.

ಹ್ಯೂಮೇನ್ ಎಂಬ ಕಂಪನಿ 2024ರ ಏಪ್ರಿಲ್‌ನಲ್ಲಿ ಅಂಗಿಗೆ ಸಿಕ್ಕಿಸಿಕೊಳ್ಳುವ, ಕೇಳಿದ್ದಕ್ಕೆ ಮಾತಲ್ಲೇ ಉತ್ತರಿಸುವ ಎಐ ಪಿನ್ ತಂದಿತು. ಅಂಗೈ ಮೇಲೆ ಬೆಳಕಿನಲ್ಲಿ ಅಕ್ಷರ ಮೂಡಿಸುತ್ತಿತ್ತು. ನೋಡಿದರೆ ಬಾಯಿ ತೆರೆದು ನಿಲ್ಲುವ ಹಾಗಿತ್ತು. 699 ಡಾಲರ್, ಮೇಲೆ ತಿಂಗಳಿಗೆ 24 ಡಾಲರ್. ವರ್ಷ ತುಂಬುವ ಮೊದಲೇ ಎಚ್‌ಪಿ ಆ ಕಂಪನಿಯ ಆಸ್ತಿಯ ಬಹುಪಾಲನ್ನು ಕೊಂಡಿತು. 2025ರ ಫೆಬ್ರವರಿ 28ಕ್ಕೆ ಸರ್ವರ್ ನಿಂತಿತು. ಪಿನ್ ಎದೆಯ ಮೇಲೇ ಇತ್ತು, ಮಾತು ನಿಂತಿತ್ತು.

ಜ್ಯೂಸೆರೊ ಕಥೆ ಇನ್ನೂ ಮಜಾ. ಕಂಪನಿಯ ಚೀಲದಲ್ಲಿ ಬರುವ ಹೆಚ್ಚಿದ ಹಣ್ಣು ತರಕಾರಿಯನ್ನು ಹಿಂಡಲು 699 ಡಾಲರ್‌ನ ವೈಫೈ ಯಂತ್ರ. 2017ರಲ್ಲಿ ಬ್ಲೂಮ್‌ಬರ್ಗ್ ವರದಿಗಾರರು ಆ ಚೀಲವನ್ನು ಬರಿಗೈಯಲ್ಲಿ ಹಿಂಡಿ ತೋರಿಸಿದರು. ಅದೇ ಸೆಪ್ಟೆಂಬರ್‌ಗೆ ಅಂಗಡಿ ಬಂದ್. ಆದರೂ ಯಂತ್ರದ ಒಳಗಿನ ಗೇರುಗಳನ್ನು ಬಿಚ್ಚಿ ನೋಡಿದವರು ಹೊಗಳಿದ್ದರು. ಕೆಲಸ ಚೆನ್ನಾಗಿತ್ತು, ಆ ಕೆಲಸದ ಅಗತ್ಯವೇ ಇರಲಿಲ್ಲ.

ನಿಮ್ಮ ತಮ್ಮ ಕಿಕ್‌ಸ್ಟಾರ್ಟರ್‌ನಲ್ಲಿ ಏನಾದರೂ ನೋಡಿಟ್ಟಿದ್ದರೆ ಅದೂ ಬೇಡ. ಅದು ಅಂಗಡಿಯಲ್ಲ. ಇನ್ನೂ ಆಗದ ವಸ್ತುವಿಗೆ ನೀವು ಮುಂಗಡ ಕೊಡುವುದು. 2014ರಲ್ಲಿ ಕೂಲೆಸ್ಟ್ ಕೂಲರ್ ಎಂಬ ಐಸ್ ಪೆಟ್ಟಿಗೆಗೆ 62,000ಕ್ಕೂ ಹೆಚ್ಚು ಜನ 1.3 ಕೋಟಿ ಡಾಲರ್‌ಗಿಂತ ಹೆಚ್ಚು ಹಣ ಹಾಕಿದರು. 2019ರ ಕೊನೆಗೆ ಕಂಪನಿ ಮುಚ್ಚಿದಾಗ ಸಾವಿರಾರು ಜನರಿಗೆ ಪೆಟ್ಟಿಗೆಯೇ ಬಂದಿರಲಿಲ್ಲ.

ಹುಬ್ಬಳ್ಳಿಯಿಂದ

ಅಮೆರಿಕ ಜಪಾನ್ ಯಾಕ್ರೀ? ನಮ್ಮ ಮನೆಯಲ್ಲಿ ಎಲ್ಲರೂ ಮೆಚ್ಚಿದ ಗ್ಯಾಜೆಟ್ ಅಂದರೆ ನೀರಿನ ಟ್ಯಾಂಕಿನ ಅಲಾರಂ. ಟ್ಯಾಂಕಿನ ಬಾಯಿ ಹತ್ತಿರ ಎರಡು ತಂತಿ. ನೀರು ತಾಗಿದರೆ ಕೆಳಗಿನ ಪೆಟ್ಟಿಗೆ ಕೂಗುತ್ತದೆ, ಕೆಲವು ಮಾತೂ ಆಡುತ್ತವೆ. ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನಮ್ಮಲ್ಲಿ ನೀರು ದಿನಾ ಬರುವುದಿಲ್ಲ, ಬಂದ ದಿನ ಚರಂಡಿಗೆ ಹರಿದರೆ ಸಂಕಟ ಆಗುತ್ತದೆ. ತಂತಿ ತುದಿಗೆ ಪಾಚಿ ಕಟ್ಟಿದರೆ ಕೂಗುವುದಿಲ್ಲ. ಆಗಾಗ ಉಜ್ಜಬೇಕು, ಅಷ್ಟೇ.

ಧಾರವಾಡದಿಂದ, ಶಾಲಾ ಶಿಕ್ಷಕಿ

ಮಗನಿಗೆ ಫೋಲ್ಡ್‌ಸ್ಕೋಪ್ ಕೊಡಿಸಿ. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ಮತ್ತು ಅವರ ತಂಡ ರೂಪಿಸಿದ ಕಾಗದದ ಸೂಕ್ಷ್ಮದರ್ಶಕ. ಮಡಚಿ ತಾನೇ ಕಟ್ಟಿಕೊಳ್ಳಬೇಕು, 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಬ್ಯಾಟರಿ ಬೇಡ, ಆ್ಯಪ್ ಬೇಡ. ನಮ್ಮ ಮಕ್ಕಳು ಈರುಳ್ಳಿ ಸಿಪ್ಪೆಯಿಂದ ಶುರು ಮಾಡಿ ತಮ್ಮ ತಲೆಯ ಹೇನಿನವರೆಗೆ ಎಲ್ಲ ನೋಡಿದರು. ಮೊದಲ ಸಲ ಸರಿಯಾಗಿ ಕಾಣಲು ತಾಳ್ಮೆ ಬೇಕು, ಯಾರಾದರೂ ಪಕ್ಕದಲ್ಲಿ ಕೂರಬೇಕು.

ಬೆಳಿಗ್ಗೆ ಏಳದ ಮಗನಾದರೆ ಕ್ಲಾಕಿ ಎಂಬ ಗಡಿಯಾರವೂ ಇದೆ. ಗೌರಿ ನಂದಾ ಎಂಐಟಿಯಲ್ಲಿ ಓದುವಾಗ ಮಾಡಿದ್ದು. ಅಲಾರಂ ನಿಲ್ಲಿಸದಿದ್ದರೆ ಮೇಜಿನಿಂದ ಧುಮುಕಿ ಚಕ್ರದ ಮೇಲೆ ಓಡಿಹೋಗುತ್ತದೆ. ಅದಕ್ಕೂ 2005ರಲ್ಲಿ ಇಗ್ ನೊಬೆಲ್ ಬಂತು, ಅದೂ ಅರ್ಥಶಾಸ್ತ್ರದಲ್ಲಿ! ಜನ ಬೇಗ ಎದ್ದರೆ ದಿನಕ್ಕೆ ಕೆಲಸದ ಹೊತ್ತು ಹೆಚ್ಚುತ್ತದೆ ಎಂಬ ಲೆಕ್ಕ. ನಾನು ಬಳಸಿಲ್ಲ, ಆಸೆ ಇದೆ.

ತೀರ್ಥಹಳ್ಳಿಯಿಂದ

ಅಕ್ಕಾ, ನಿಮ್ಮದೂ ನಮ್ಮದೂ ಒಂದೇ ಥರದ ಊರು. ವೈಫೈ ಇದ್ದರೆ ಮೊದಲು ರೌಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿಸಿ. ಅಂಗೈಯಗಲದ ಪೆಟ್ಟಿಗೆ. ಕರೆಂಟ್ ಹೋದ ಮೇಲೂ ಕೆಲವು ಗಂಟೆ ನೆಟ್ ಇರುತ್ತದೆ. ಮಳೆಗಾಲದಲ್ಲಿ ಟವರ್ ಸತ್ತಾಗ ಅಪ್ಪ ಅಮ್ಮನ ಜೊತೆ ಮಾತಾಡಲು ಅದೇ ದಾರಿ. ರೌಟರ್ ಅಡಾಪ್ಟರ್ ಮೇಲೆ 12 ವೋಲ್ಟ್ ಇದೆಯೋ 9 ಇದೆಯೋ, ಎಷ್ಟು ಆಂಪಿಯರ್ ಎಂದು ನೋಡಿಯೇ ತನ್ನಿ. ಇನ್ವರ್ಟರ್ ಇಲ್ಲದ ಕೋಣೆಗೆ ಬ್ಯಾಟರಿ ಇರುವ ಎಲ್‌ಇಡಿ ಬಲ್ಬ್ ಹಾಕಿ. ಸ್ವಿಚ್ ಆನ್ ಇಟ್ಟಿದ್ದರೆ ಕರೆಂಟ್ ಹೋದಾಗ ತಾನೇ ಉರಿಯುತ್ತದೆ. ಬಚ್ಚಲು ಮನೆ ದಾರಿಗೆ ಒಂದು ಸಾಕು.

ತೋಟ ಇರುವವರಿಗೆ ನಿಜವಾದ ಹೊಸ ಗ್ಯಾಜೆಟ್ ಅಂದರೆ ಕಾರ್ಬನ್ ಫೈಬರ್ ದೋಟಿ, ಮರದ ತುದಿ ಮುಟ್ಟುವ ಉದ್ದ ಕೋಲು. ಬಂಟ್ವಾಳ ತಾಲೂಕಿನ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಬೈಕನ್ನೇ ಮಾಡಿದರು, ವಿಡಿಯೊ ಎಲ್ಲರೂ ನೋಡಿದ್ದೇವೆ. ಅದು ಪ್ರಾಯವಾದವರೂ ಮರ ಹತ್ತಲಿ ಎಂದು. ದೋಟಿಯಲ್ಲಿ ಹತ್ತುವುದೇ ಬೇಡ. ನೆಲದ ಮೇಲೆ ನಿಂತು ಅಡಿಕೆ ಗೊನೆ ಕೊಯ್ಯಬಹುದು, ಕೊಳೆ ರೋಗಕ್ಕೆ ಮದ್ದು ಹೊಡೆಯಬಹುದು. ಮರ ಹತ್ತಿ ಕೊಯ್ಯುವ ಕೊನೆಗೌಡರಿಗೆ ಕಾಯುತ್ತ ಮಳೆ ನೋಡುತ್ತ ಕೂರುವುದು ನಮ್ಮಲ್ಲಿ ತಪ್ಪಿದೆ. ಬೆಲೆ ಮಾತ್ರ ಗಿಫ್ಟಿನ ಬೆಲೆಯಲ್ಲ. ನೀವೂ ತಮ್ಮನೂ ಸೇರಿ ಹಾಕಬೇಕು.

ಕೇಳಿದವರು, ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಚಮಚ, ರೋಬೋ, ರೊಟ್ಟಿ ಯಂತ್ರ ಪಟ್ಟಿಯಿಂದ ತೆಗೆದೆ. ತಮ್ಮನಿಗೆ ಟ್ಯಾಗ್ ಮಾತ್ರ ಹೇಳಿದ್ದೇನೆ, ಉಳಿದದ್ದು ಇಲ್ಲೇ ತರುತ್ತೇವೆ. ದೋಟಿ ವಿಷಯ ಕೇಳಿ ಅಪ್ಪ ಎದ್ದು ಕುಳಿತರು. ತೋಟದ ನಡುವೆ ಕರೆಂಟ್ ಲೈನ್ ಹೋಗಿದೆ. ಅಲ್ಯೂಮಿನಿಯಂ ಅಲ್ಲವಲ್ಲ, ಪರವಾಗಿಲ್ಲ ಅಲ್ವಾ ಎನ್ನುತ್ತಿದ್ದಾರೆ.

ತೀರ್ಥಹಳ್ಳಿಯಿಂದ

ಇಲ್ಲ, ಅಪಾಯ ಇದೆ! ಕಾರ್ಬನ್ ಫೈಬರ್ ಕೂಡ ಕರೆಂಟ್ ಹರಿಸುತ್ತದೆ. ಲೈನ್ ಹತ್ತಿರದ ಮರಗಳಿಗೆ ದೋಟಿ ಎತ್ತುವ ಮಾತೇ ಬೇಡ. ಆ ಸಾಲನ್ನು ಕೊನೆಗೌಡರಿಗೇ ಬಿಡಿ, ಅವರಿಗೂ ಲೈನ್ ಆಫ್ ಮಾಡಿಸಿಯೇ ಹತ್ತಲು ಹೇಳಿ. ಇನ್ನೊಂದು, ಕೊಳ್ಳುವ ಮೊದಲು ಪೂರ್ತಿ ಉದ್ದಕ್ಕೆ ಎಳೆದು ಅಪ್ಪನ ಕೈಗೇ ಕೊಟ್ಟು ನೋಡಿ. ಅಂಗಡಿಯಲ್ಲಿ ಮಡಚಿಟ್ಟಾಗ ಹಗುರ ಅನಿಸಿದ್ದು ಮರದ ತುದಿಗೆ ಹೋದಾಗ ಕುತ್ತಿಗೆ, ಭುಜ ಹಿಡಿಸುತ್ತದೆ. ನಮ್ಮಪ್ಪ ಮದ್ದು ಹೊಡೆಯುವುದನ್ನು ಬಿಟ್ಟು ಕೊಯ್ಲಿಗೆ ಮಾತ್ರ ಹಿಡಿಯುತ್ತಾರೆ, ಅದೂ ಕೆಳಗೆ ಬಲೆ ಹಿಡಿಯಲು ಇಬ್ಬರು ಇದ್ದಾಗ.