ಪಿಂಚಣಿಗೆ ಇನ್ನು 6 ವರ್ಷ. ಈಗಲೇ ಏರ್‌ಲೈನ್‌ಗೆ ಹೋಗಲಾ, ಕಾಯಲಾ?

ಎರಡು_ಪ್ರೊಪೆಲ್ಲರ್ ಕೇಳಿದ್ದು:

ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಕೇಳಲೇಬೇಕಾಗಿದೆ.

ನನಗೆ 37. ವಾಯುಪಡೆಯಲ್ಲಿ ಟ್ರಾನ್ಸ್‌ಪೋರ್ಟ್ ಪೈಲಟ್. ಎರಡು ಎಂಜಿನ್ನಿನ ಟರ್ಬೊಪ್ರಾಪ್ ಹಾರಿಸುತ್ತೇನೆ. ಸೇವೆಗೆ ಸೇರಿ 14 ವರ್ಷ ಆಯಿತು. ಪಿಂಚಣಿಗೆ 20 ತುಂಬಬೇಕು. ಒಟ್ಟು 3,100 ಗಂಟೆ ಹಾರಿದ್ದೇನೆ, ಅದರಲ್ಲಿ 1,400 ಕ್ಯಾಪ್ಟನ್ ಆಗಿ. ಬಿಡುಗಡೆ ಕೇಳುವುದಕ್ಕೆ ಈ ವರ್ಷ ಅವಕಾಶ ಇದೆ. ಈ ಸಲ ಸಹಿ ಹಾಕಿ ಮುಂದುವರಿದರೆ 20 ತುಂಬುವ ತನಕ ಆ ಮಾತೇ ಎತ್ತುವ ಹಾಗಿಲ್ಲ.

ಮುಂದಿನ ಪೋಸ್ಟಿಂಗ್ ಏನು ಅಂತ ಆಗಲೇ ಕಿವಿಗೆ ಬಿದ್ದಿದೆ. ಮೇಜಿನ ಕೆಲಸ, 3 ವರ್ಷ. ಆಮೇಲೆ ಮತ್ತೆ ಸ್ಕ್ವಾಡ್ರನ್‌ಗೆ, ಅಂದರೆ ಹಾರಾಟಕ್ಕೆ, ಕಳಿಸುತ್ತೇವೆ ಅನ್ನುತ್ತಾರೆ. ಬಾಯಿಮಾತು, ಕಾಗದದಲ್ಲಿ ಏನೂ ಇಲ್ಲ.

ಈಗ ಹೊರಟರೆ ವಯಸ್ಸಿನ ಮಿತಿ 65ರ ತನಕ ಏರ್‌ಲೈನ್‌ನಲ್ಲಿ 28 ವರ್ಷ ಸಿಗುತ್ತದೆ. ಪಿಂಚಣಿ ಗಟ್ಟಿ ಮಾಡಿಕೊಂಡು 43ಕ್ಕೆ ಹೊರಟರೆ 22. ಈ 6 ವರ್ಷಕ್ಕೆ ಎಷ್ಟು ಬೆಲೆ ಕಟ್ಟಬೇಕು ಅನ್ನುವುದೇ ತಿಳಿಯುತ್ತಿಲ್ಲ. ರಾತ್ರಿ ಕೂತು ಎಕ್ಸೆಲ್‌ನಲ್ಲಿ ಲೆಕ್ಕ ಹಾಕುತ್ತೇನೆ. ಒಂದು ದಿನ ಹೋಗು ಅನ್ನುತ್ತದೆ, ಇನ್ನೊಂದು ದಿನ ಇರು ಅನ್ನುತ್ತದೆ. ಒಂದೇ ಒಂದು ಅಂಕಿ ಬದಲಾಯಿಸಿದರೆ ಉತ್ತರ ತಿರುಗುತ್ತದೆ. ಹೆಂಡತಿ ಆ ಫೈಲಿಗೆ ‘ಪಂಚಾಂಗ’ ಅಂತ ಹೆಸರಿಟ್ಟಿದ್ದಾಳೆ.

ಮಗಳು 4ನೇ ಕ್ಲಾಸು. ಹೀಗೆ ಹೊರಟವರು, ಇಲ್ಲವೇ ಹೊರಡದೆ ಉಳಿದವರು, ದಯವಿಟ್ಟು ಹೇಳಿ. ಸಂಬಳದ ಲೆಕ್ಕ ಬೇಡ, ಅದು ನನ್ನ ಹತ್ತಿರ ಜಾಸ್ತಿಯೇ ಇದೆ. ‘ಈಗ ಹೊರಡಬಹುದು’ ಅಂತ ನಿಮಗೆ ಹೇಗೆ ಗೊತ್ತಾಯಿತು?

ಹಳೇ_ಲಾಗ್‌ಬುಕ್:

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಪಿಂಚಣಿ ಅಲ್ಲ, ಆ ಮೇಜಿನ ಕೆಲಸ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಕತೆ ಕೇಳಿ.

ನಾನೂ ಟ್ರಾನ್ಸ್‌ಪೋರ್ಟ್‌ನವನೇ. ನಾನು ಮತ್ತು ನನ್ನ ಕೋರ್ಸ್‌ಮೇಟ್ ಒಬ್ಬ, ಇಬ್ಬರೂ 20 ಮುಗಿಸಿ ಒಟ್ಟಿಗೆ ಬಿಡೋಣ ಅಂತ ಮಾತಾಡಿಕೊಂಡಿದ್ದೆವು. 2016ರ ಮಾತು. ಏರ್‌ಲೈನ್‌ಗಳು ಕರೆಕರೆದು ಪೈಲಟ್‌ಗಳನ್ನು ಸೇರಿಸಿಕೊಳ್ಳುತ್ತಿದ್ದ ಕಾಲ. ಗಾಳಿ ಬಂದಾಗ ತೂರಿಕೋಬೇಕು ಅಂತ ಅವನು ಅರ್ಜಿ ಹಾಕಿದ. ನನಗೆ ಮಾತ್ರ, ಫ್ಲೈಟ್ ಕಮಾಂಡರ್ (ಸ್ಕ್ವಾಡ್ರನ್‌ನ ಒಂದು ತುಕಡಿಯ ಮುಖ್ಯಸ್ಥ) ಮಾಡುತ್ತೇವೆ, ಒಂದು ವರ್ಷ ಇರು ಅಂದರು. ಹಿಗ್ಗಿ ಉಳಿದೆ. ಕೊನೆಗೆ ಅದೇ ಏರ್‌ಲೈನ್‌ಗೆ ಸೇರುವ ಹೊತ್ತಿಗೆ ಅವನಿಗಿಂತ 14 ತಿಂಗಳು ಹಿಂದೆ ಬಿದ್ದಿದ್ದೆ. 14 ತಿಂಗಳು ಏನು ಮಹಾ ಅಂದುಕೊಂಡಿದ್ದೆ. ಸೀನಿಯಾರಿಟಿ ಪಟ್ಟಿ ನೋಡಿದರೆ ನಮ್ಮಿಬ್ಬರ ಮಧ್ಯೆ 300ಕ್ಕೂ ಹೆಚ್ಚು ಹೆಸರು.

ಏರ್‌ಲೈನ್‌ನಲ್ಲಿ ಸೀನಿಯಾರಿಟಿ ಅಂದರೆ ವಯಸ್ಸಲ್ಲ, ಅನುಭವ ಅಲ್ಲ, ಹಿಂದಿನ ರ‍್ಯಾಂಕ್ ಅಂತೂ ಅಲ್ಲವೇ ಅಲ್ಲ. ನೀವು ಸೇರಿದ ದಿನ, ಅಷ್ಟೆ. ಎಲ್ಲ ಕಡೆಯೂ ಹೀಗೇ ಅಂತಿಲ್ಲ, ಆದರೆ ಹಳೆಯ ದೊಡ್ಡ ಏರ್‌ಲೈನ್‌ಗಳಲ್ಲಿ ಇದೇ ವಾಡಿಕೆ. ಯಾವ ಬೇಸ್ (ಯಾವ ಊರಿನಿಂದ ಹಾರಬೇಕು), ಯಾವ ವಿಮಾನ, ಮಕ್ಕಳ ರಜೆಗೆ ನಿಮಗೂ ರಜೆ ಸಿಗುತ್ತದಾ, ಎಡಗಡೆಯ ಕ್ಯಾಪ್ಟನ್ ಸೀಟಿಗೆ ಯಾವಾಗ, ಎಲ್ಲಕ್ಕೂ ಆ ನಂಬರ್ ಕೇಳುತ್ತಾರೆ. ಏರ್‌ಲೈನ್ ಬದಲಾಯಿಸಿದರೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಜನ ಕಡಿಮೆ ಮಾಡುವಾಗ ಪಟ್ಟಿಯ ಕೆಳಗಿನಿಂದ ಶುರು ಮಾಡುತ್ತಾರೆ.

2020ರಲ್ಲಿ ಕೋವಿಡ್‌ಗೆ ವಿಮಾನಗಳು ನಿಂತವಲ್ಲ, ಆಗ ಗೆರೆ ನಮ್ಮಿಬ್ಬರ ಮಧ್ಯೆಯೇ ಬಿತ್ತು. ಅವನು ಕಡಿಮೆ ಸಂಬಳಕ್ಕೆ ಹಾರುತ್ತಾ ಉಳಿದ. ನಾನು ಸಂಬಳವಿಲ್ಲದೆ 17 ತಿಂಗಳು ಮನೆಯಲ್ಲಿ ಕೂತೆ. ಆ 17 ತಿಂಗಳು ಒಲೆ ಉರಿದದ್ದು ವಾಯುಪಡೆಯ ಪಿಂಚಣಿಯಿಂದ, ಅದನ್ನೂ ಹೇಳಿಬಿಡುತ್ತೇನೆ. ಫ್ಲೈಟ್ ಕಮಾಂಡರ್ ಆಗಿದ್ದಕ್ಕೆ ಬೇಜಾರಿಲ್ಲ, ಒಳ್ಳೇ ವರ್ಷ ಅದು. ಆದರೆ ಇಷ್ಟು ವರ್ಷದಲ್ಲಿ ಏರ್‌ಲೈನ್‌ನಲ್ಲಿ ಒಬ್ಬನೂ ಅದರ ಬಗ್ಗೆ ಕೇಳಿಲ್ಲ.

ಈಗ ನಿಮ್ಮ ಮೇಜಿಗೆ ಬರೋಣ. ಒಟ್ಟು ಎಷ್ಟು ಗಂಟೆ ಅನ್ನುವುದು ಏರ್‌ಲೈನ್‌ನವರು ಕೇಳುವ ಒಂದು ಪ್ರಶ್ನೆ. ಕಳೆದ 12 ತಿಂಗಳಲ್ಲಿ ಎಷ್ಟು ಹಾರಿದ್ದೀರಿ ಅನ್ನುವುದು ಅದರ ಬೆನ್ನಿಗೇ ಬರುವ ಪ್ರಶ್ನೆ. 3 ವರ್ಷ ಫೈಲು ನೋಡಿದವರ ಹತ್ತಿರ ಅದಕ್ಕೆ ಉತ್ತರ ಇರುವುದಿಲ್ಲ. ಹಾಗಾಗಿ ನಿಮ್ಮ ಮುಂದಿರುವುದು 37ಕ್ಕೋ 43ಕ್ಕೋ ಅನ್ನುವ ಲೆಕ್ಕ ಅಲ್ಲ. ಸ್ಕ್ವಾಡ್ರನ್‌ಗೆ ವಾಪಸ್ ಕಳಿಸಿದರೆ 43, ಕಳಿಸದೇ ಇದ್ದರೆ ಎಷ್ಟೋ ಗೊತ್ತಿಲ್ಲ. ನಿಮ್ಮ ಎಕ್ಸೆಲ್‌ನಲ್ಲಿ ಇದಕ್ಕೊಂದು ಕಾಲಂ ಇದೆಯಾ? ಆ ಮಾತನ್ನು ಬರವಣಿಗೆಯಲ್ಲಿ ಕೊಡುತ್ತಾರಾ ಕೇಳಿ. ಕೊಡದಿದ್ದರೆ ಅದೂ ಒಂದು ಉತ್ತರವೇ.

ಇನ್ನೊಂದು. ಹೋಗುವುದು ಈ ವರ್ಷವಾಗಲಿ, 6 ವರ್ಷದ ಮೇಲಾಗಲಿ, ಕಾಗದಪತ್ರ ಈಗಲೇ ಶುರು ಮಾಡಿ. ಐಕಾವೊ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ನಿಯಮದಲ್ಲಿ ಎಟಿಪಿಎಲ್‌ಗೆ, ಅಂದರೆ ಏರ್‌ಲೈನ್ ಪೈಲಟ್ ಲೈಸೆನ್ಸ್‌ಗೆ, ಕನಿಷ್ಠ 1,500 ಗಂಟೆ. ಅದರಲ್ಲಿ ರಾತ್ರಿ 100, ಇನ್‌ಸ್ಟ್ರುಮೆಂಟ್ (ಬರೀ ಉಪಕರಣ ನೋಡಿ ಹಾರುವುದು) 75, ಕ್ರಾಸ್ ಕಂಟ್ರಿ (ಒಂದು ಕಡೆಯಿಂದ ದೂರದ ಇನ್ನೊಂದು ಕಡೆಗೆ ಹಾರುವುದು) 200 ಇರಬೇಕು. ನಿಮ್ಮ ಹತ್ತಿರ ಇದೆಲ್ಲ ಧಾರಾಳವಾಗಿ ಇರುತ್ತದೆ. ಆದರೆ ನಮ್ಮ ಲಾಗ್‌ಬುಕ್ (ಹಾರಾಟದ ದಾಖಲೆ ಪುಸ್ತಕ) ಸಿವಿಲ್‌ನವರು ಕೇಳುವ ಕಾಲಂಗಳಲ್ಲಿ ಬರೆದಿರುವುದಿಲ್ಲ. ನನ್ನದರಲ್ಲಿ 2 ವರ್ಷದ ರಾತ್ರಿ ಹಾರಾಟದ ಪುಟಗಳಿಗೆ ಮೇಲಧಿಕಾರಿಯ ಸಹಿಯೇ ಇರಲಿಲ್ಲ. ಸಹಿ ಹಾಕಬೇಕಾದವರು ಅಷ್ಟೊತ್ತಿಗೆ ನಿವೃತ್ತರಾಗಿದ್ದರು. ಅವರ ಬದಲು ಯಾರು ಹಾಕಬಹುದು ಅಂತ ತಿಳಿದುಕೊಳ್ಳುವುದಕ್ಕೇ 7 ವಾರ ಓಡಾಡಿದೆ. ನನ್ನ 14 ತಿಂಗಳಲ್ಲಿ ಸುಮಾರು 2 ತಿಂಗಳು ಕಳೆದದ್ದು ಅಲ್ಲೇ. ಅದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ, ನಾನೇ ನೋಡಿಕೊಂಡಿರಲಿಲ್ಲ.

65ನ್ನು ನೀವು ತುಂಬಾ ಗಟ್ಟಿಯಾಗಿ ಹಿಡಿದುಕೊಂಡಿದ್ದೀರಿ. 2006ರ ನವೆಂಬರ್ ತನಕ ಐಕಾವೊದಲ್ಲಿ ಕ್ಯಾಪ್ಟನ್‌ಗೆ ಅದು 60 ಇತ್ತು. ಇನ್ನು ಎಷ್ಟೋ ಜನರನ್ನು ಮನೆಗೆ ಕಳಿಸುವುದು ವಯಸ್ಸಲ್ಲ, ಮೆಡಿಕಲ್ ಪರೀಕ್ಷೆ. 43ಕ್ಕೆ ಸೇರಿ 49ಕ್ಕೆ ಮೆಡಿಕಲ್‌ನಲ್ಲಿ ನಿಂತವನ ಪಕ್ಕದಲ್ಲಿ ನಾನೇ ಕೂತು ಹಾರಿದ್ದೇನೆ.

ಸಿಂಗಲ್_ಸೀಟ್:

ಫೈಟರ್‌ನಿಂದ ಬಂದವನು ನಾನು. ನಿಮ್ಮ 3,100 ನೋಡಿ ಹೊಟ್ಟೆ ಉರಿಯಿತು. ನಾವು ಒಂದು ಸಲ ಮೇಲೆ ಹೋದರೆ ಒಂದು ಗಂಟೆ, ಎಷ್ಟೋ ಸಲ ಅದೂ ಇಲ್ಲ. 13 ವರ್ಷಕ್ಕೆ 1,650. ನಮ್ಮಂಥವರಿಗೆ ಯಾವಾಗ ಹೊರಡಬೇಕು ಅಂತ ಲಾಗ್‌ಬುಕ್ಕೇ ಹೇಳುತ್ತದೆ. ಅಮೆರಿಕದಲ್ಲಿ 2013ರಿಂದ ಏರ್‌ಲೈನ್‌ನ ಬಲಗಡೆ ಸೀಟಿಗೂ 1,500 ಗಂಟೆ ಕೇಳುತ್ತಾರೆ, ಸೇನೆಯಲ್ಲಿ ಕಲಿತವರಿಗೆ 750ಕ್ಕೇ ಕೋ-ಪೈಲಟ್ ಆಗಲು ಬಿಡುತ್ತಾರೆ. ಅಂಥ ರಿಯಾಯಿತಿ ಎಲ್ಲ ಕಡೆ ಸಿಗಲ್ಲ.

ಗಂಟೆ ಎಣಿಸುವ ರೀತಿಯೂ ಬೇರೆ. ನಮ್ಮಲ್ಲಿ ಚಕ್ರ ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವ ತನಕ ಬರೆಯುತ್ತಿದ್ದೆವು. ಸಿವಿಲ್‌ನಲ್ಲಿ ಹೊರಡುವುದಕ್ಕೆ ವಿಮಾನ ಕದಲಿದಾಗಿನಿಂದ ಪೂರ್ತಿ ನಿಲ್ಲುವ ತನಕ. ಕೆಲವು ಏರ್‌ಲೈನ್‌ಗಳು ಪ್ರತಿ ಹಾರಾಟಕ್ಕೂ ಒಂದಿಷ್ಟು ನಿಮಿಷ ಸೇರಿಸಿಕೊಳ್ಳಲು ಬಿಡುತ್ತವೆ, ಕೆಲವು ಬಿಡಲ್ಲ. ಏನೇ ಆಗಲಿ, ಲಾಗ್‌ಬುಕ್ ಮುಟ್ಟಬೇಡಿ. ಅದು ಇದ್ದ ಹಾಗೇ ಇರಲಿ. ಅರ್ಜಿಯಲ್ಲಿ ಅವರು ಕೇಳಿದ ಲೆಕ್ಕ ಬೇರೆಯಾಗಿ ಕೊಡಿ.

ನನಗೆ ಕಷ್ಟ ಆಗಿದ್ದು ಬೇರೆ ವಿಷಯದಲ್ಲಿ. ಟೈಪ್ ರೇಟಿಂಗ್‌ನ (ಒಂದು ಮಾದರಿಯ ವಿಮಾನ ಹಾರಿಸಲು ಬೇಕಾದ ಅರ್ಹತೆ) 3ನೇ ಸಿಮ್, ಅಂದರೆ ಸಿಮ್ಯುಲೇಟರ್ ಪಾಠ. ಟೇಕಾಫ್ ಆಯಿತು, ವಿಮಾನ ಮೇಲೇರುತ್ತಿದೆ, ಹಾರಿಸುತ್ತಿರುವವನು ನಾನು. ‘ಗೇರ್ ಅಪ್’ (ಚಕ್ರ ಮೇಲೆತ್ತು) ಅಂತ ನಾನು ಹೇಳಬೇಕು, ಪಕ್ಕದವನು ಲಿವರ್ ಎತ್ತಬೇಕು. ನಾನು ಏನೂ ಹೇಳದೆ ಕೈ ಚಾಚಿ ನಾನೇ ಎತ್ತಿಬಿಟ್ಟೆ. 13 ವರ್ಷ ಒಬ್ಬನೇ ಕೂತು ಹಾರಿದ ಕೈ ಅಲ್ವಾ. ಇನ್‌ಸ್ಟ್ರಕ್ಟರ್ ಸಿಮ್ ನಿಲ್ಲಿಸಿದರು. ನನ್ನ ಪಕ್ಕದಲ್ಲಿದ್ದ 23ರ ಹುಡುಗನಿಗೆ, ‘ಮುಂದಿನ ಸಲ ಇವರ ಕೈ ಅಲ್ಲಿಗೆ ಬಂದರೆ ಒಂದು ಹೊಡಿ’ ಅಂದರು. ಆ ಹುಡುಗ ನಕ್ಕ. ನನಗೆ ಎರಡು ದಿನ ನಿದ್ದೆ ಬರಲಿಲ್ಲ. ನಿಮಗೆ ಇಬ್ಬರು ಕೂತು ಹಾರಿಸುವುದು ಮೊದಲೇ ಗೊತ್ತು, ಈ ಪಾಡು ಇರಲ್ಲ.

ಏರ್‌ಲೈನ್‌ಗೆ ಹೋದರೆ ದುಡ್ಡಿನ ಚಿಂತೆ ಮುಗಿಯಿತು ಅನ್ನುವವರಿಗೆ ನಾನು ಸಲ್ಲೆನ್‌ಬರ್ಗರ್ ಕತೆ ಹೇಳುತ್ತೇನೆ. 2009ರ ಜನವರಿಯಲ್ಲಿ ನ್ಯೂಯಾರ್ಕ್‌ನ ಹಡ್ಸನ್ ನದಿಯ ಮೇಲೆ ಎ320 ಪ್ರಯಾಣಿಕ ವಿಮಾನ ಇಳಿಸಿದವರು. ಅವರೂ ಎಫ್-4 ಫೈಟರ್ ಹಾರಿಸಿ 1980ರಲ್ಲಿ ಏರ್‌ಲೈನ್‌ಗೆ ಬಂದವರೇ. ಅದಾದ ಮರುತಿಂಗಳು ಅಮೆರಿಕದ ಸಂಸತ್ತಿನ ಸಮಿತಿ ಮುಂದೆ, ನನ್ನ ಸಂಬಳ ಶೇ 40 ಇಳಿದಿದೆ, ಪಿಂಚಣಿ ಹೋಗಿದೆ ಅಂತ ಹೇಳಿದರು. ಇಡೀ ಜಗತ್ತು ಚಪ್ಪಾಳೆ ತಟ್ಟುತ್ತಿದ್ದಾಗ ಅವರ ಪರಿಸ್ಥಿತಿ ಅದು.

ತಪ್ಪು_ತಿಂಗಳು:

ಹಳೇ_ಲಾಗ್‌ಬುಕ್ ಸರ್ ಹೇಳಿದ್ದು ಒಂದು ಮಗ್ಗುಲು. ನಾನು ಇನ್ನೊಂದು ಮಗ್ಗುಲು.

ಒಂದು ನಂಬರ್ ಕೂಡ ಹಿಂದೆ ಬೀಳಬಾರದು ಅಂತ 16 ವರ್ಷಕ್ಕೇ ಬಿಟ್ಟೆ, ಪಿಂಚಣಿ ಇಲ್ಲದೆ. ಏರ್‌ಲೈನ್ ಸೇರಿದ್ದು 2020ರ ಜನವರಿ. ಲೈನ್ ಟ್ರೈನಿಂಗ್ (ಪ್ರಯಾಣಿಕರಿರುವ ವಿಮಾನದಲ್ಲಿ ಕೊಡುವ ತರಬೇತಿ) ಮುಗಿಯುವ ಮೊದಲೇ ಮಾರ್ಚ್ ಬಂತು. ಪಟ್ಟಿಯಲ್ಲಿ ನನ್ನ ಕೆಳಗೆ 11 ಜನ ಇದ್ದರು, ಎಲ್ಲರಿಗೂ ಒಂದೇ ಪತ್ರ. ಟೈಪ್ ರೇಟಿಂಗ್‌ಗೆ ಮಾಡಿದ ಸಾಲ ಮಾತ್ರ ನಿಲ್ಲಲಿಲ್ಲ. ಮತ್ತೆ ಹಾರಿದ್ದು 2022ರಲ್ಲಿ, ಬೇರೆ ಕಂಪನಿ, ಮತ್ತೆ ಕೊನೆಯ ನಂಬರ್.

2001ರ ಸೆಪ್ಟೆಂಬರ್ 11ರ ಹಿಂದಿನ ದಿನ ಸೇರಿದವರೂ ಇರುತ್ತಾರಲ್ಲ. ಗಾಳಿ ಬಂದಾಗ ತೂರಿಕೋ ಅನ್ನುವುದು ಸರಿ, ತೂರುವಾಗ ಅದು ನಿಂತರೆ ಏನು ಮಾಡುವುದು? 37ಕ್ಕೆ ಹೊರಡಬೇಡಿ ಅಂತ ನಾನು ಹೇಳಲ್ಲ. ಒಂದೂವರೆ ವರ್ಷ ಸಂಬಳವೇ ಇಲ್ಲದಿದ್ದರೂ ಮನೆ ನಡೆಯುವಷ್ಟು ಕೈಯಲ್ಲಿ ಇಟ್ಟುಕೊಂಡು ಹೊರಡಿ. ನನ್ನ ಹತ್ತಿರ 4 ತಿಂಗಳಿನದ್ದು ಇತ್ತು.

ರೋಸ್ಟರ್_ನೋಡುವವಳು:

ನಾನು ಪೈಲಟ್ ಅಲ್ಲ, ಪೈಲಟ್ ಹೆಂಡತಿ. ಪಂಚಾಂಗ ಅಂತ ಹೆಸರಿಟ್ಟ ಅವರಿಗೆ ನನ್ನ ನಮಸ್ಕಾರ ಹೇಳಿ.

ಇವರು ಬಿಡುವಾಗ ಎಲ್ಲರೂ ಇವರನ್ನೇ ಕೇಳಿದರು, ನನ್ನನ್ನು ಯಾರೂ ಕೇಳಲಿಲ್ಲ. ಸೇವೆಯಲ್ಲಿದ್ದಾಗ ಮನೆ ಅವರೇ ಕೊಡುತ್ತಿದ್ದರು, ಅತ್ತೆಯ ಆಸ್ಪತ್ರೆಯೂ ಅಲ್ಲೇ ನಡೆಯುತ್ತಿತ್ತು. ಬಿಟ್ಟ ತಿಂಗಳು ಎರಡೂ ಹೋದವು. ಪಿಂಚಣಿ ಅಂದರೆ ಬರೀ ತಿಂಗಳ ದುಡ್ಡಲ್ಲ ಸರ್, ಅದರ ಜೊತೆ ಬರುವ ಚಿಕಿತ್ಸೆಯ ಸೌಲಭ್ಯವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೊದಲ ವರ್ಷ ಇವರಿಗೆ ಸಿಕ್ಕ ಬೇಸ್ ಯಾರಿಗೂ ಬೇಡವಾದದ್ದು. ಹೊಸಬರಿಗೆ ಅದೇ ಸಿಗುವುದಂತೆ. ಮಗನ ಶಾಲೆ ಬದಲಾಯಿಸುವುದು ಬೇಡ ಅಂತ ನಾವು ಇಲ್ಲೇ ಉಳಿದೆವು. ತಿಂಗಳಲ್ಲಿ 9 ದಿನ ಮನೆಯಲ್ಲಿರುತ್ತಿದ್ದರು, ಅದರಲ್ಲಿ 3 ದಿನ ನಿದ್ದೆ. ನಿಮ್ಮ ಮಗಳು 4ನೇ ಕ್ಲಾಸು. ಈಗ ಹೊರಟರೆ ಆ ಕೆಟ್ಟ ವರ್ಷ 5ನೇ ಕ್ಲಾಸಿನಲ್ಲಿ ಕಳೆದುಹೋಗುತ್ತದೆ. 6 ವರ್ಷ ಬಿಟ್ಟು ಹೊರಟರೆ, ಹೊರಡುವುದೇ ಅವಳ 10ನೇ ಕ್ಲಾಸಿಗೆ ಸರಿಯಾಗಿ ಬರುತ್ತದೆ. ಇದನ್ನೂ ಒಂದು ಕಾಲಂ ಮಾಡಿ.

ಎರಡು_ಪ್ರೊಪೆಲ್ಲರ್:

ಎಲ್ಲರಿಗೂ ಥ್ಯಾಂಕ್ಸ್. 10ನೇ ಕ್ಲಾಸಿನ ಮಾತು ಹೆಂಡತಿಗೆ ಓದಿ ಹೇಳಿದೆ. ‘ನಾನು ಹೋದ ವರ್ಷವೇ ಹೇಳಿದ್ದೆ’ ಅಂದಳು. ಹೇಳಿದ್ದಳಂತೆ. ನನಗೆ ನೆನಪಿಲ್ಲ.

ಮೇಜಿನ ಕೆಲಸದ ಬಗ್ಗೆ ಕೇಳಿಬಿಟ್ಟೆ. ವಾಪಸ್ ಹಾರಾಟಕ್ಕೆ ಕಳಿಸುತ್ತೇವೆ ಅಂತ ಬರವಣಿಗೆಯಲ್ಲಿ ಕೊಡಲು ಆಗಲ್ಲ ಅಂದರು. ಮರ್ಯಾದೆಯಿಂದಲೇ ಹೇಳಿದರು, ಸುಳ್ಳು ಭರವಸೆ ಕೊಡಲಿಲ್ಲ, ಅದಕ್ಕೆ ಗೌರವ ಇದೆ. ಆಮೇಲೆ ಮನೆಗೆ ಬಂದು 43ರ ಸಾಲುಗಳನ್ನೆಲ್ಲ ಅಳಿಸಿದೆ. ಅಳಿಸಿದ ಮೇಲೆ ಫೈಲಿನಲ್ಲಿ ನೋಡುವುದಕ್ಕೆ ಜಾಸ್ತಿ ಏನೂ ಉಳಿಯಲಿಲ್ಲ.

ಬಿಡುಗಡೆ ಅರ್ಜಿಗೆ ಇನ್ನೂ 5 ತಿಂಗಳು ಸಮಯ ಇದೆ. ಉಳಿತಾಯ ನೋಡಿದರೆ 11 ತಿಂಗಳಿಗೆ ಆಗುತ್ತದೆ, 18ಕ್ಕೆ ಆಗಲ್ಲ. ಕಾರು ಮಾರಿದರೆ 14. ಇದು ಇನ್ನೂ ಬಗೆಹರಿದಿಲ್ಲ.

ಲಾಗ್‌ಬುಕ್ ತೆಗೆದು ಪುಟ ಪುಟ ನೋಡಿದೆ. 2019ರ ಮಾರ್ಚ್‌ನಿಂದ ಜೂನ್ ತನಕ ಒಂದು ಪುಟಕ್ಕೂ ಸಹಿ ಇಲ್ಲ. ಆಗಿನ ಫ್ಲೈಟ್ ಕಮಾಂಡರ್ ಇನ್ನೂ ಸೇವೆಯಲ್ಲಿದ್ದಾರೆ, ಬರುವ ತಿಂಗಳು ನಿವೃತ್ತಿ. ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇನೆ.

ಹಳೇ_ಲಾಗ್‌ಬುಕ್:

ಫೋನ್ ಮಾಡಿ ಸುಮ್ಮನೆ ಕೂರಬೇಡಿ. ಲಾಗ್‌ಬುಕ್ ಹಿಡಿದುಕೊಂಡು ನೀವೇ ಹೋಗಿ. ಅಂಚೆಯಲ್ಲಂತೂ ಕಳಿಸಲೇಬೇಡಿ. ಹೊರಡುವ ಮೊದಲು ಎಲ್ಲ ಪುಟಗಳ ಫೋಟೊ ತೆಗೆದಿಟ್ಟುಕೊಳ್ಳಿ.