ಅಪ್ಪನ ಕ್ಯಾಮೆರಾಗೆ ರೀಲ್ ಎಲ್ಲಿ ಸಿಗುತ್ತೆ? ಒಳಗೆ ಹಳೇದೊಂದು ಬೇರೆ ಇದೆ

ಸೋಮವಾರಪೇಟೆ_ಹುಡುಗ:
ಎಲ್ರಿಗೂ ನಮಸ್ಕಾರ. ಮಳೆ ಶುರುವಾಗೋ ಮುಂಚೆ ಅಟ್ಟ ಕ್ಲೀನ್ ಮಾಡೋಣ ಅಂತ ಹತ್ತಿದ್ರೆ ಅಪ್ಪನ ಯಾಶಿಕಾ ಎಫ್‌ಎಕ್ಸ್-3 ಸಿಕ್ತು. ಮೇಲಿನ ರೆಕ್ಸಿನ್ ಮುಟ್ಟಿದ್ರೆ ಸಾಕು ಪುಡಿಪುಡಿಯಾಗಿ ಉದುರುತ್ತೆ, ಕೈಯೆಲ್ಲಾ ಕಪ್ಪು, ಆದ್ರೆ ಸೆಲ್ಲೇ ಇಲ್ದೆ ಶಟರ್ ಟಕ್ ಅಂತ ಬೀಳ್ತಾ ಇದೆ. ಖುಷಿಗೆ ಎರಡ್ಸಲ ಒತ್ತಿದೆ, ಆಮೇಲೆ ನೋಡಿದ್ರೆ ಲಿವರ್ ಎಳೆದಾಗ ಎಡಗಡೆ ರೀಲ್ ಸುತ್ತೋ ಹಿಡಿನೂ ತಿರುಗ್ತಿದೆ, ಅಂದ್ರೆ ಒಳಗೆ ರೀಲಿದೆ! ನಂಬರ್ 24 ತೋರಿಸ್ತಿದೆ, ಅದ್ರಲ್ಲಿ ಎರಡು ನಾನು ಹಾಳು ಮಾಡಿದ್ದು. ಅಮ್ಮ ಹೇಳೋ ಪ್ರಕಾರ ಅದು ಅಜ್ಜಿ ಇದ್ದಾಗಿನ ಕೊನೇ ಹುತ್ತರಿದು, ರಾತ್ರಿ ಗದ್ದೇಲಿ ಕದಿರು ತೆಗೆಯೋವಾಗ ಅಪ್ಪ ಫ್ಲಾಶ್ ಹಾಕ್ಕೊಂಡು ಓಡಾಡ್ತಿದ್ರಂತೆ.

ಎರಡು ಪ್ರಶ್ನೆ. ಇದನ್ನ ತೊಳೆಸೋದು ಎಲ್ಲಿ? ಹೊಸ ರೀಲು ಕೊಡಗಲ್ಲಿ ಎಲ್ಲಾದ್ರೂ ಸಿಗುತ್ತಾ? ಮಡಿಕೇರಿಲಿ ಒಂದು ಸ್ಟುಡಿಯೋಗೆ ಹೋಗಿ ರೀಲ್ ಇದ್ಯಾ ಅಂದ್ರೆ ಅಲ್ಲಿದ್ದ ಹುಡುಗ ಪಾಪ "ಯಾವ ಸಾಂಗಿಗೆ ಮಾಡ್ಬೇಕು ಅಣ್ಣ" ಅಂತ ಕೇಳ್ದ 😄

ನೆಟ್ವರ್ಕ್_ಇಲ್ಲ:
ಯಾಕ್ ಗುರು ಈ ತಲೆನೋವು, ಫೋನಲ್ಲಿ ಹಳೇ ಫಿಲ್ಮ್ ತರಾನೇ ಕಾಣೋ ಫಿಲ್ಟರ್ ಬೇಕಾದಷ್ಟಿದೆ.

ಹಳೇಸ್ಟುಡಿಯೋ:
ಫಿಲ್ಟರಲ್ಲಿ ಅವರಜ್ಜಿ ಬರ್ತಾರೇನಪ್ಪಾ?

ತಮ್ಮಾ, ಮೊದಲ್ನೇ ಮಾತು, ಹಿಂದಿನ ಬಾಗ್ಲು ತೆಗೀಬೇಡ. ಅಡಿಯಲ್ಲಿರೋ ಸಣ್ಣ ಬಟನ್ ಒತ್ತಿ ಎಡಗಡೆ ಹಿಡಿಯನ್ನ ನಿಧಾನಕ್ಕೆ ಸುತ್ತು, ಮೊದ್ಲು ಬಿಗಿ ಇರುತ್ತೆ, ಪಟ್ ಅಂತ ಸಡಿಲ ಆದ್ರೆ ರೀಲು ಡಬ್ಬಿ ಒಳಗೆ ಹೋಯ್ತು ಅಂತ. ಇಷ್ಟು ವರ್ಷದ್ದು ಗಟ್ಟಿಯಾಗಿ ಕೂತಿರುತ್ತೆ, ಜೋರು ಮಾಡಿದ್ರೆ ಹರಿಯುತ್ತೆ. ಕತ್ತಲೆ ಕೋಣೇಲಿ ಮಾಡಿದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಆ ಬಾಗ್ಲಿನ ಸಂದಿಯ ಕಪ್ಪು ಸ್ಪಂಜು ಇಷ್ಟೊತ್ತಿಗೆ ಕರಗಿ ಟಾರ್ ತರ ಆಗಿರುತ್ತೆ, ಬೆಳಕು ನುಗ್ಗುತ್ತೆ. ಅದನ್ನ ಆಮೇಲೆ ಸ್ಪಿರಿಟಲ್ಲಿ ಒರೆಸಿ ಸ್ವೆಟರ್ ಹೆಣೆಯೋ ಕಪ್ಪು ಉಣ್ಣೆ ದಾರ ಕೂರಿಸು, ಸಾಕು.

ರೀಲು ಬರೋದೇ ನಿಂತಿದೆ ಅನ್ಕೊಂಡಿದಾರೆ ಜನ, ಹಾಗೇನಿಲ್ಲ. ಕೊನಿಕಾ 2006ರಲ್ಲಿ ಫೋಟೋ ವ್ಯವಹಾರ ಬಿಡ್ತೀವಿ ಅಂತ ಹೇಳ್ತು, ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕ್ತು, ಆದ್ರೂ ಕೊಡಾಕ್ ಗೋಲ್ಡು, ಕಲರ್‌ಪ್ಲಸ್ಸು, ಬ್ಲಾಕ್ ಅಂಡ್ ವೈಟ್ ಬೇಕಂದ್ರೆ ಇಲ್ಫೋರ್ಡ್ ಎಚ್‌ಪಿ5 ಎಲ್ಲಾ ಈಗ್ಲೂ ತಯಾರಾಗುತ್ತೆ, ಆನ್‌ಲೈನಲ್ಲಿ ತರಿಸ್ಕೋಬಹುದು, ರೇಟು ಮಾತ್ರ ಕೇಳ್ಬೇಡ. ಹೋಗಿರೋದು ತೊಳೆಯೋರು. ಕಲರ್ ಡೆವಲಪರ್, ಅಂದ್ರೆ ರೀಲಲ್ಲಿ ಚಿತ್ರ ಬರ್ಸೋ ಕೆಮಿಕಲ್, 38 ಡಿಗ್ರಿಲಿ ಇರ್ಬೇಕು, ಅರ್ಧ ಡಿಗ್ರಿ ಆಚೀಚೆ ಆದ್ರೂ ಬಣ್ಣ ಕೆಡುತ್ತೆ. ಮಿಷನ್ ಟ್ಯಾಂಕಿಗೆ ದಿನಾ ರೀಲು ಬೀಳ್ತಾ ಇದ್ರೆ ಹೊಸ ಕೆಮಿಕಲ್ ಸೇರ್ತಾ ಇರುತ್ತೆ, ವಾರಕ್ಕೆ ಎರಡು ರೀಲು ಬಂದ್ರೆ ಕೆಮಿಕಲ್ ಸುಮ್ನೆ ಗಾಳಿಗೆ ಕೆಟ್ಟು ಕಪ್ಪಾಗುತ್ತೆ. ನಮ್ಮ ಜುಲೈ ತಿಂಗಳು ಗೊತ್ತಲ್ಲ, ಮೂರು ದಿನ ಕರೆಂಟಿಲ್ಲ, ಜನರೇಟರಿಗೆ ಡೀಸೆಲ್ ಹಾಕಿ ಒಂದು ಟ್ಯಾಂಕ್ ಬಿಸಿ ಇಡೋದು ಯಾರಿಗ್ ಬೇಕು. ನಾನು ಮಿಷನ್ನು ಗುಜರಿಗೇ ಹಾಕಿದ್ದು. ಮದುವೆ ಸೀಸನ್ನಲ್ಲಿ ರೀಲು ತುಂಬಿದ ಚೀಲ ಸಂಜೆ ಮೈಸೂರು ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಕಳಿಸ್ತಿದ್ದ ಕಾಲಾನೂ ನೋಡಿದೀನಿ, ವೇಸ್ಟ್ ಹೈಪೋ (ತೊಳೆದ ಚಿತ್ರ ಬೆಳಕಿಗೆ ಕೆಡದ ಹಾಗೆ ನಿಲ್ಲಿಸೋ ಕೆಮಿಕಲ್) ನೀರು ಕೊಳ್ಳೋಕೂ ಜನ ಬರ್ತಿದ್ರು, ಅದ್ರಲ್ಲಿರೋ ಬೆಳ್ಳಿಗೋಸ್ಕರ.

ಇನ್ನೊಂದು ಬೇಜಾರು. ಪಕ್ಕದ ಊಟಿಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಅಂತ ಸರ್ಕಾರಿ ಫ್ಯಾಕ್ಟರಿನೇ ಇತ್ತು, 1960ರಲ್ಲಿ ಶುರು ಮಾಡಿದ್ದು, 'ಇಂದು' ಅನ್ನೋ ಹೆಸರಲ್ಲಿ ಬ್ಲಾಕ್ ಅಂಡ್ ವೈಟ್ ರೀಲು, ಆಸ್ಪತ್ರೆ ಎಕ್ಸ್‌ರೇ ಫಿಲ್ಮು ಎಲ್ಲಾ ಬರ್ತಿತ್ತು. ಅದೂ ಮುಚ್ಚೋಯ್ತು.

ಸಂಪಾಜೆ_ಸವಾರಿ:
ಕೊರಿಯರಲ್ಲಿ ಕಳಿಸೋದಾದ್ರೆ ಜಾಗ್ರತೆ ಉಂಟು ಮಾರಾಯ್ರೆ. ನಾನು ಒಂದು ಲ್ಯಾಬಿಗೆ (ಹೆಸರು ಬೇಡ) ಮೂರು ರೀಲು ಕಳಿಸಿದ್ದೆ, ಎರಡೇ ವಾಪಸ್ ಬಂತು, ಕೇಳಿದ್ರೆ ನೀವು ಕಳಿಸಿದ್ದೇ ಎರಡು ಅಂದ್ರು. ಅವತ್ತಿಂದ ಪ್ಯಾಕ್ ಮಾಡೋ ಮುಂಚೆ ಡಬ್ಬಿಗಳನ್ನ ಸಾಲಾಗಿ ಇಟ್ಟು ಫೋನಲ್ಲಿ ಫೋಟೋ ತೆಗೀತೇನೆ. ನಗ್ಬೇಡಿ.

ರೋಬಸ್ಟಾ_ಬ್ರೋ:
ವಿರಾಜಪೇಟೆಯಿಂದ. ನಾನು ಬ್ಲಾಕ್ ಅಂಡ್ ವೈಟ್ ಮನೇಲೇ ತೊಳೀತೀನಿ, ಅದೂ ಕಾಫಿಲಿ! ತಮಾಷೆ ಅಲ್ಲ, ಕ್ಯಾಫಿನಾಲ್ ಅಂತಾರೆ, 1995ರಲ್ಲಿ ಅಮೆರಿಕದ ರೋಚೆಸ್ಟರ್ ಕಾಲೇಜಲ್ಲಿ ಮೇಷ್ಟ್ರು ಹುಡುಗರು ಸೇರಿ ಕಂಡುಹಿಡಿದಿದ್ದು. ಒಂದು ಲೀಟರ್ ನೀರಿಗೆ 54 ಗ್ರಾಂ ವಾಷಿಂಗ್ ಸೋಡಾ (ನೀರಿನಂಶ ಇಲ್ದಿರೋ ಪುಡಿ, ಅಡುಗೆ ಸೋಡಾ ಅಲ್ಲ, ನಾನು ಮೊದಲ್ನೇ ಸಲ ಅದನ್ನೇ ಹಾಕಿ ಖಾಲಿ ಫಿಲ್ಮ್ ನೋಡಿದೀನಿ), 16 ಗ್ರಾಂ ವಿಟಮಿನ್ ಸಿ, 40 ಗ್ರಾಂ ಇನ್‌ಸ್ಟಂಟ್ ಕಾಫಿ, 20 ಡಿಗ್ರಿಲಿ 15 ನಿಮಿಷ. ಕೆಲಸ ಮಾಡೋದು ಕೆಫೀನ್ ಅಲ್ಲ, ಕಾಫಿಲಿರೋ ಬೇರೆ ಆಸಿಡ್‌ಗಳು, ಅವು ಅರೇಬಿಕಾಗಿಂತ ರೋಬಸ್ಟಾದಲ್ಲೇ ಜಾಸ್ತಿ, ಹಾಗಾಗಿ ಅಗ್ಗದ ಕಾಫಿನೇ ಬೆಸ್ಟು. ವಾಸನೆ ಮಾತ್ರ ದೇವ್ರೇ, ನಮ್ಮನೇಲಿ ಬಚ್ಚಲಿಗೆ ಬಿಟ್ಕೊಳಲ್ಲ, ಹಿಂದಿನ ಸೌದೆ ಕೊಟ್ಟಿಗೆಗೆ ಅಟ್ಟಿದಾರೆ. ಕೊನೇಲಿ ಹೈಪೋ ಬೇಕೇ ಬೇಕು, ಅದಕ್ಕೆ ಕಾಫಿ ಆಗಲ್ಲ.

ಹಳೇಸ್ಟುಡಿಯೋ:
ಅಜ್ಜಿ ಇರೋ ರೀಲಿನ ಮೇಲೆ ಕಾಫಿ ಪ್ರಯೋಗ ಬೇಡ ಮಾರಾಯ.

ರೋಬಸ್ಟಾ_ಬ್ರೋ:
ಒಪ್ಕೊಂಡೆ ಸರ್, ಹಳೇ ರೀಲಿಗೆ ನಾನೂ ಕಾಫಿ ಹಾಕಲ್ಲ, ಎಚ್‌ಸಿ-110 ಅನ್ನೋ ಬ್ಲಾಕ್ ಅಂಡ್ ವೈಟ್ ಡೆವಲಪರ್ ಬಾಟ್ಲಿ ಇಟ್ಟಿದೀನಿ. ಅದು ಕಲರ್ ರೀಲೇ ಆದ್ರೂ ಬ್ಲಾಕ್ ಅಂಡ್ ವೈಟ್ ತರಾನೇ ತೊಳೆಯೋದು ವಾಸಿ, ಇಷ್ಟು ವರ್ಷ ಅಟ್ಟದ ಬಿಸಿಗೆ, ಒಲೆ ಹೊಗೆಗೆ ಬಣ್ಣ ಉಳಿದಿರೋದು ಕಷ್ಟ, ನೆರಳಾದ್ರೂ ಬರ್ಬಹುದು. ಏನೂ ಬರ್ದೇ ಹೋಗ್ಬಹುದು, ಅದನ್ನೂ ಅಮ್ಮಂಗೆ ಮೊದ್ಲೇ ಹೇಳ್ಬಿಡಿ.

ಸೋಮವಾರಪೇಟೆ_ಹುಡುಗ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ರಾತ್ರಿ ಲೈಟ್ ಆರಿಸಿ ಕಂಬಳಿ ಹೊದ್ಕೊಂಡು ಸುತ್ತಿದೆ, ಹರೀಲಿಲ್ಲ, ಡಬ್ಬಿ ಆಚೆ ಬಂತು. ಕೊನಿಕಾ, 36. ಅಮ್ಮ ಅದನ್ನ ಅರಿಶಿನ ಕುಂಕುಮದ ಡಬ್ಬಿ ಪಕ್ಕ ಇಟ್ಕೊಂಡಿದಾರೆ, ಮುಟ್ಟೋಕೆ ಬಿಡ್ತಿಲ್ಲ. ಬ್ರೋ, ಭಾನುವಾರ ಬಂದ್ರೆ ಆಗುತ್ತಾ? ಒಂದು ಎಚ್‌ಪಿ5 ಆರ್ಡರ್ ಮಾಡಿದೀನಿ, ಅದನ್ನ ಆಮೇಲೆ ಕಾಫಿಲಿ ಟ್ರೈ ಮಾಡೋಣ. ಪುಡಿ ನಮ್ಮ ತೋಟದ್ದೇ ತರ್ತೀನಿ, ಮನೇಲೇ ಹುರಿದಿದ್ದು.

ರೋಬಸ್ಟಾ_ಬ್ರೋ:
ಬನ್ನಿ ಬನ್ನಿ. ಫಿಲ್ಮಿಗೆ ಅಂಗಡಿ ಇನ್‌ಸ್ಟಂಟೇ ತನ್ನಿ, ಚಿಕೋರಿ ಸೇರ್ಸಿರೋದು ಬೇಡ. ತೋಟದ್ದೂ ತನ್ನಿ, ಅದು ಕುಡಿಯೋಕೆ.