ಕ್ಷಾರದ ಕರುಳಿನಲ್ಲಿ ಹಾಲುತೊಂಡೆ ವೈರಸ್ ಕೋಶದೊಳಕ್ಕೆ ಹೋಗುವುದು ಹೇಗೆ?

ಚಂದ್ರಿಕೆ, ಶಿಡ್ಲಘಟ್ಟ

ನಮ್ಮದು ರೇಷ್ಮೆ ಸಾಕುವ ಮನೆ. ನಾನು ಚಿಕ್ಕಬಳ್ಳಾಪುರದಲ್ಲಿ ಬಿ.ಎಸ್‌ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಕಳೆದ ಬೆಳೆಯಲ್ಲಿ, ನಾಲ್ಕನೇ ಜ್ವರ (ಹುಳು ಸೊಪ್ಪು ಬಿಟ್ಟು ಚರ್ಮ ಕಳಚುವ ಹಂತ) ಎದ್ದು ಐದು ದಿನವಾಗಿದ್ದ ಹುಳುಗಳಿಗೆ ಹಾಲುತೊಂಡೆ ಬಂದಿತು. ಗೆಣ್ಣುಗಳ ನಡುವೆ ಊದಿಕೊಂಡ ಹುಳುಗಳು ಸೊಪ್ಪು ಮುಟ್ಟದೆ ತಟ್ಟೆಯ ಅಂಚಿನಲ್ಲೇ ಸುತ್ತುತ್ತಿದ್ದವು. ಒಂದನ್ನು ಎತ್ತಿದಾಗ ಚರ್ಮ ಒಡೆದು ಹಾಲಿನಂಥ ದ್ರವ ಬೆರಳಿಗೆ ಅಂಟಿತು.

ಈ ರೋಗದ ವೈರಸ್ಸಿನ ಮೈಮೇಲಿರುವ ಜಿಪಿ64 ಎಂಬ ಪ್ರೋಟೀನ್ ಆಮ್ಲ ತಗುಲಿದಾಗ ಆಕಾರ ಬದಲಿಸಿ ವೈರಸ್ಸಿನ ಪೊರೆಯನ್ನು ಕೋಶಪೊರೆಗೆ ಬೆಸೆಯುತ್ತದೆ ಎಂದು ಓದಿದೆ. ಆದರೆ ಹುಳು ವೈರಸ್ಸನ್ನು ಸೊಪ್ಪಿನ ಜೊತೆಗೇ ನುಂಗುತ್ತದೆ, ಅದರ ಕರುಳಿನ ಪಿಎಚ್ ಸುಮಾರು 10, ಅಂದರೆ ತೀಕ್ಷ್ಣ ಕ್ಷಾರ. ಆಮ್ಲವೇ ಇಲ್ಲದ ಕಡೆ ಈ ಬೆಸುಗೆ ಹೇಗೆ ಸಾಧ್ಯ? ಆಕಾರ ಬದಲಿಸುವುದು ಎಂದರೆ ನಿಜವಾಗಿ ಏನಾಗುತ್ತದೆ?

ಜೀವರಸಾಯನ ಮೇಷ್ಟ್ರು, ಕೋಲಾರ

ನಿಮ್ಮ ಅನುಮಾನ ಸರಿಯಾಗಿದೆ. ಪಠ್ಯಗಳು ಎರಡು ಘಟ್ಟಗಳನ್ನು ಒಂದಾಗಿಸಿ ಹೇಳುವುದರಿಂದ ಈ ಗೊಂದಲ ಹುಟ್ಟುತ್ತದೆ. ಈ ವೈರಸ್ಸಿಗೆ ಎರಡು ರೂಪಗಳಿವೆ. ಸೊಪ್ಪಿನ ಮೂಲಕ ಬರುವ ರೂಪವು ಪಾಲಿಹೆಡ್ರಿನ್ ಎಂಬ ಪ್ರೋಟೀನಿನ ಹರಳಿನೊಳಗೆ ಹುದುಗಿರುತ್ತದೆ. ನಿಮ್ಮ ಬೆರಳಿಗೆ ಅಂಟಿದ ದ್ರವ ಹಾಲಿನಂತೆ ಕಂಡದ್ದು ಅದರಲ್ಲಿ ಇಂಥ ಹರಳುಗಳು ತುಂಬಿದ್ದುದರಿಂದ. ಕರುಳಿನ ಕ್ಷಾರಕ್ಕೆ ಹರಳು ಕರಗಿ ವೈರಸ್ ಹೊರಬಂದು ಕರುಳಿನ ಗೋಡೆಯ ಕೋಶಗಳಿಗೆ ನೇರವಾಗಿ ಬೆಸೆದುಕೊಳ್ಳುತ್ತದೆ. ಅಲ್ಲಿ ಜಿಪಿ64ರ ಪಾತ್ರವಿಲ್ಲ. ಪಿಐಎಫ್ ಎಂದು ಕರೆಯುವ ಬೇರೊಂದು ಪ್ರೋಟೀನ್ ಗುಂಪು ಆ ಕೆಲಸ ಮಾಡುತ್ತದೆ.

ಕರುಳಿನ ಕೋಶದಲ್ಲಿ ಬೆಳೆದು ಹುಳುವಿನ ಮೈಯೊಳಕ್ಕೆ ಮೊಳೆತು ಹೊರಡುವ ಎರಡನೆಯ ರೂಪದ ಮೇಲೆ ಮಾತ್ರ ಜಿಪಿ64 ಇರುತ್ತದೆ. ಈ ವೈರಸ್ಸನ್ನು ಮುಂದಿನ ಕೋಶವು ತನ್ನ ಪೊರೆಯ ಚೀಲದಲ್ಲಿ, ಅಂದರೆ ಎಂಡೋಸೋಮ್‌ನಲ್ಲಿ, ಒಳಗೆಳೆದುಕೊಳ್ಳುತ್ತದೆ. ಆ ಚೀಲ ಬರಬರುತ್ತಾ ಆಮ್ಲೀಯವಾಗಿ ಪಿಎಚ್ 5ರಿಂದ 6ರ ನಡುವಿಗೆ ಇಳಿದಾಗ ಜಿಪಿ64 ಆಕಾರ ಬದಲಿಸುತ್ತದೆ. ನೀವು ಓದಿದ ಆಮ್ಲ ಕರುಳಿನದಲ್ಲ, ಕೋಶದೊಳಗಿನ ಈ ಚೀಲದ್ದು.

ಇನ್ನು ಆಕಾರದ ಮಾತು. ಎರಡು ಪೊರೆಗಳು ಎದುರಾದ ಮಾತ್ರಕ್ಕೆ ಬೆಸೆದುಕೊಳ್ಳುವುದಿಲ್ಲ. ನಡುವಿನ ನೀರಿನ ಪದರವನ್ನು ಹಿಂಡಿ ತೆಗೆಯಬೇಕು, ಅದಕ್ಕೆ ಶಕ್ತಿ ಬೇಕು. ಆ ಶಕ್ತಿಯನ್ನು ಪ್ರೋಟೀನ್ ತನ್ನ ಮಡಿಕೆಯಲ್ಲೇ ಕಟ್ಟಿಟ್ಟುಕೊಂಡಿರುತ್ತದೆ. ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿದ್ದು ಫ್ಲೂ ವೈರಸ್ಸಿನ ಹಿಮಾಗ್ಲುಟಿನಿನ್. ಅದರ ರಚನೆ 1981ರಲ್ಲಿ ಪ್ರಕಟವಾಯಿತು. ಮೂರು ಪ್ರತಿಗಳು ಹೆಣೆದುಕೊಂಡು ಸುಮಾರು 13.5 ನ್ಯಾನೋಮೀಟರ್ ಎತ್ತರಕ್ಕೆ ನಿಂತ ಕಂಬ ಅದು. ನೀರಿಗೆ ಒಗ್ಗದ ಇಪ್ಪತ್ತು ಚಿಲ್ಲರೆ ಅಮೈನೋ ಆಮ್ಲಗಳ ಒಂದು ತುದಿ ಕಂಬದ ಒಳಗೆ ಅಡಗಿರುತ್ತದೆ. ಆಮ್ಲ ತಗುಲಿದೊಡನೆ ಸಡಿಲವಾಗಿದ್ದ ಒಂದು ತುಂಡು ಆಲ್ಫಾ ಸುರುಳಿಯಾಗಿ ಬಿಗಿದು, ಆ ತುದಿಯನ್ನು ಸುಮಾರು 10 ನ್ಯಾನೋಮೀಟರ್ ಮೇಲಕ್ಕೆ ಒಯ್ದು ಎದುರಿನ ಪೊರೆಗೆ ನಾಟಿಸುತ್ತದೆ. ಆಮೇಲೆ ಇಡೀ ಅಣು ನಡುವೆ ಮಡಚಿಕೊಳ್ಳುವಾಗ ಎರಡೂ ಪೊರೆಗಳು ಒಂದರ ಹತ್ತಿರ ಒಂದು ಎಳೆಯಲ್ಪಡುತ್ತವೆ. ಆಮ್ಲಾವಸ್ಥೆಯ ಈ ರಚನೆ ತಿಳಿದದ್ದು 1994ರಲ್ಲಿ.

ಸಿರಾ ಗೇಟ್, ತುಮಕೂರು

ಮೇಷ್ಟ್ರ ವಿವರಣೆಗೆ ಒಂದು ತಿದ್ದುಪಡಿ ಸೇರಿಸಬೇಕೆನಿಸುತ್ತದೆ. ಫ್ಲೂವಿನ ಚಿತ್ರವನ್ನು ಜಿಪಿ64ಕ್ಕೆ ಹಾಗೆಯೇ ಹೊಂದಿಸಬಾರದು. ಪೊರೆ ಬೆಸೆಯುವ ವೈರಸ್ ಪ್ರೋಟೀನುಗಳನ್ನು ರಚನೆಯ ಮೇಲೆ ಮೂರು ವರ್ಗ ಮಾಡುತ್ತಾರೆ. ಹಿಮಾಗ್ಲುಟಿನಿನ್ ಮೊದಲ ವರ್ಗದ್ದು. ಅದನ್ನು ಮೊದಲು ಒಂದು ಕಿಣ್ವ ಎರಡಾಗಿ ಕತ್ತರಿಸಬೇಕು, ಕತ್ತರಿಸಿದ ಕಡೆ ಸಿಕ್ಕ ತುದಿಯೇ ಪೊರೆಗೆ ನಾಟುತ್ತದೆ. ಡೆಂಗಿ ಮತ್ತು ಚಿಕೂನ್‌ಗುನ್ಯಾ ವೈರಸ್ಸುಗಳ ಪ್ರೋಟೀನುಗಳು ಎರಡನೆಯ ವರ್ಗ. ಅವು ಬಹುಪಾಲು ಬೀಟಾ ಹಾಳೆಗಳಿಂದ, ಅಂದರೆ ಪ್ರೋಟೀನ್ ಎಳೆಗಳು ಪಕ್ಕಪಕ್ಕಕ್ಕೆ ಸೇರಿ ಹಾಳೆಯಂತಾದ ಭಾಗಗಳಿಂದ ಆದವು, ಡೆಂಗಿಯಲ್ಲಂತೂ ವೈರಸ್ಸಿನ ಮೇಲೆ ಜೋಡಿಜೋಡಿಯಾಗಿ ಮಲಗಿದ್ದು, ಆಮ್ಲ ತಗುಲಿದಾಗ ಮೂರು ಮೂರಾಗಿ ಎದ್ದು ನಿಲ್ಲುತ್ತವೆ. ಜಿಪಿ64 ಮೂರನೆಯ ವರ್ಗದ್ದು, ರೇಬೀಸ್ ಮತ್ತು ಹರ್ಪಿಸ್ ವೈರಸ್ಸುಗಳ ಸಾಲಿನದು. ಅದರಲ್ಲಿ ಮೊದಲ ವರ್ಗದಂತೆ ನಡುವೆ ಉದ್ದನೆಯ ಸುರುಳಿಯ ಕಂಬವಿದೆ, ಆದರೆ ಪೊರೆಗೆ ನಾಟುವುದು ಕತ್ತರಿಸಿದ ತುದಿಯಲ್ಲ, ಎರಡನೆಯ ವರ್ಗದಂತೆ ಬೀಟಾ ಹಾಳೆಯ ತುದಿಯಲ್ಲಿರುವ ಕುಣಿಕೆಗಳು. ಬೆಸುಗೆಯ ನಂತರದ ಅದರ ರಚನೆ 2008ರಲ್ಲಿ ಪ್ರಕಟವಾಗಿದೆ.

‘ಕಟ್ಟಿಟ್ಟ ಶಕ್ತಿ’ ಎಂಬ ಮಾತೂ ಫ್ಲೂವಿಗೆ ಒಪ್ಪುವಷ್ಟು ಈ ವರ್ಗಕ್ಕೆಲ್ಲ ಒಪ್ಪುವುದಿಲ್ಲ. ಹಿಮಾಗ್ಲುಟಿನಿನ್ ಒಮ್ಮೆ ಬಿಚ್ಚಿಕೊಂಡರೆ ಹಿಂದಕ್ಕೆ ಬಾರದು; ರೇಬೀಸ್ ವೈರಸ್ಸಿನ ಪ್ರೋಟೀನ್ ಆಮ್ಲ ಹೋದ ಮೇಲೆ ಮೊದಲಿನ ಆಕಾರಕ್ಕೆ ಮರಳಬಲ್ಲದು. ನನಗೆ ಇಡೀ ವಿಷಯದಲ್ಲಿ ಅತಿ ಕುತೂಹಲದ ಸಂಗತಿ ಇದೇ.

ಚಂದ್ರಿಕೆ, ಶಿಡ್ಲಘಟ್ಟ

ಇಬ್ಬರಿಗೂ ಧನ್ಯವಾದಗಳು, ಸರ್. ಹರಳು ಕ್ಷಾರಕ್ಕೆ ಕರಗುವುದಾದರೆ, ಸಾಕಣೆ ಮನೆ ತೊಳೆಯುವಾಗ ಬ್ಲೀಚಿಂಗ್ ಪುಡಿಯ ನೀರಿಗೆ ಅಪ್ಪ ಸುಣ್ಣ ಬೆರೆಸುವುದು ಇದಕ್ಕಾಗಿಯೇ?

ಜೀವರಸಾಯನ ಮೇಷ್ಟ್ರು, ಕೋಲಾರ

ಹೌದು. ಶೇ 2ರ ಬ್ಲೀಚಿಂಗ್ ಪುಡಿಯ ದ್ರಾವಣಕ್ಕೆ ಶೇ 0.3ರಷ್ಟು ಅರಳಿದ ಸುಣ್ಣ ಸೇರಿಸಲು ಹೇಳುವುದಕ್ಕೆ ಇದೊಂದು ಕಾರಣ. ಹುಳುವಿನ ಕರುಳು ಮಾಡುವ ಕೆಲಸವನ್ನು ಸುಣ್ಣ ತಟ್ಟೆಯ ಮೇಲೆಯೇ ಮಾಡಿ ಹರಳನ್ನು ಕರಗಿಸುತ್ತದೆ. ಹೊರಬಿದ್ದ ವೈರಸ್ಸಿಗೆ ಅಲ್ಲಿ ಬೆಸೆದುಕೊಳ್ಳಲು ಕೋಶವಿರುವುದಿಲ್ಲ, ಕ್ಲೋರಿನ್ ಮಾತ್ರ ಇರುತ್ತದೆ.